ಹಿಂದಿನ ಬಾಗಿಲು ಮುಚ್ಚಿದ ನರಿ

ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದ ಒಂದು ಕುರುಚಲು ಕಾಡಿನಲ್ಲಿ ಮುಳ್ಳವ್ವ ಎಂಬ ವಯಸ್ಸಾದ ಮುಳ್ಳುಹಂದಿ ಇದ್ದಳು. ಅವಳ ಬಿಲಕ್ಕೆ ಎರಡು ಬಾಗಿಲು. ಮುಂದಿನದು ಬಂಡೆಯ ಕೆಳಗೆ, ಹಿಂದಿನದು ಕಾರೆ ಪೊದೆಯ ಮರೆಯಲ್ಲಿ. ಎರಡನ್ನೂ ಅವಳೇ ತನ್ನ ಉಗುರಿನಿಂದ ತೋಡಿದ್ದಳು. ಈಗ ಕಣ್ಣು ಮಂಜಾಗಿತ್ತು, ಮಂಡಿ ಹಿಡಿಯುತ್ತಿತ್ತು. ಆದರೂ ದಿನಾ ಸಂಜೆ ಹಿಂದಿನ ಬಾಗಿಲಿನ ಮಣ್ಣು ಕೆರೆದು, ಮೂಗೆತ್ತಿ ಗಾಳಿಯ ವಾಸನೆ ಹಿಡಿದು, ಗೆಡ್ಡೆ ಅಗೆಯಲು ಹೊರಡುತ್ತಿದ್ದಳು. ನಿಧಾನವಾಗಿ, ಗೊಣಗಿಕೊಂಡು, ಆದರೆ ತನ್ನ ಕಾಲ ಮೇಲೆ.

ಅದೇ ಕಾಡಿನಲ್ಲಿ ಕೆಂಚ ಎಂಬ ನರಿ ಇದ್ದ. ಮಹಾ ಸೋಮಾರಿ. ರಿಪೇರಿ ಕಾಣದ ಅವನ ಬಿಲ ಮಳೆಗೆ ಕುಸಿದುಬಿತ್ತು. ಹೊಸದು ತೋಡುವವರು ಯಾರು? ಅವನ ಕಣ್ಣು ಮುಳ್ಳವ್ವನ ಬಿಲದ ಮೇಲೆ ಬಿತ್ತು.

ಅದೇ ಮಳೆಗೆ ಒಂದು ಕಲ್ಲು ಉರುಳಿ ಬಂದು ಮುಳ್ಳವ್ವನ ಮುಂಬಾಗಿಲಿಗೆ ಅಡ್ಡ ಕೂತಿತ್ತು. "ಸ್ವಲ್ಪ ಕೈ ಹಾಕಪ್ಪ" ಎಂದು ಅವಳು ಕೆಂಚನನ್ನು ಕರೆದಳು. ಅವಳು ಕೇಳಿದ್ದು ಅಷ್ಟೇ. ಅವನೋ ಬೆರಳು ತೋರಿಸಿದರೆ ಹಸ್ತ ನುಂಗುವವನು.

"ಪಾಪ! ಈ ವಯಸ್ಸಲ್ಲಿ ಯಾಕವ್ವ ಒದ್ದಾಡ್ತೀಯ? ನೀನು ಸುಮ್ನೆ ಕೂತಿರು. ನಾನಿಲ್ವಾ?" ಎಂದ.

ಕಲ್ಲು ಸರಿಸಿದ. ಮರುದಿನ ಗೆಡ್ಡೆ ತಂದ. ಆಮೇಲೆ, "ನಿನಗೇನಾದ್ರೂ ಆದ್ರೆ ನೋಡೋರು ಯಾರು?" ಎಂದು ಒಳಗೇ ಬಂದು ಮಲಗಿದ. ಮುಳ್ಳವ್ವನಿಗೆ ಮೊದಮೊದಲು ಹಿತವಾಯಿತು. ಯಾರಿಗೆ ಆಗುವುದಿಲ್ಲ ಹೇಳಿ? ಆದರೆ ಅವಳು ಎದ್ದರೆ "ಬೀಳ್ತೀಯ" ಎಂದ. ಮಣ್ಣು ಕೆರೆದರೆ "ಉಗುರು ಮುರಿಯುತ್ತೆ" ಎಂದ. ಕೊನೆಗೆ, "ಈ ಥಂಡಿ ಗಾಳಿ ನಿನಗಾಗಲ್ಲ" ಎಂದು ಹಿಂದಿನ ಬಾಗಿಲಿಗೆ ಕಲ್ಲು ಮಣ್ಣು ತುಂಬಿ ಗಟ್ಟಿಯಾಗಿ ಮೆತ್ತಿಬಿಟ್ಟ. ಹುಟ್ಟಿದ ಮೇಲೆ ಅವನು ಮೈಮುರಿದು ಮಾಡಿದ ಕೆಲಸ ಅದೊಂದೇ.

ಹೊರಗೆ ಹೋಗಿ, "ಪಾಪ, ಮುಳ್ಳವ್ವನಿಗೆ ಕಣ್ಣಿಲ್ಲ, ಕಾಲಿಲ್ಲ, ನೆನಪೂ ಇಲ್ಲ" ಎಂದು ಕಾಡಿಗೆಲ್ಲ ಸಾರಿದ. ಯಾವ ಗೆಡ್ಡೆ ಕಹಿ, ಯಾವುದು ಸಿಹಿ ಎಂದು ಅವಳನ್ನೇ ಕೇಳುತ್ತಿದ್ದ ಪ್ರಾಣಿಗಳು ಈಗ ಬಾಗಿಲಲ್ಲಿ ನಿಂತು ಕೆಂಚನನ್ನು ಕೇಳತೊಡಗಿದವು: "ಅವ್ವ ಉಂಡಳಾ? ನಿದ್ದೆ ಮಾಡಿದಳಾ?" ಅವಳು ಅಲ್ಲೇ ಎದುರಿಗೆ ಕೂತಿರುತ್ತಿದ್ದಳು! ಅಗೆತವಿಲ್ಲದೆ ಅವಳ ಉಗುರುಗಳು ಕೊಕ್ಕೆಯ ಹಾಗೆ ಬೆಳೆದಿದ್ದವು. ನಾನು ಇದ್ದೇನೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂತು. ಪಾಪ ಎನ್ನುವ ಮಾತು ಕೇಳಿದಾಗಲೆಲ್ಲ ಇನ್ನಷ್ಟು ಮುದುಡಿ ಕೂರುತ್ತಿದ್ದಳು.

ಒಂದು ಬೆಳಗ್ಗೆ ಕೆಂಚ ಎಲ್ಲರನ್ನೂ ಬಿಲದ ಮುಂದೆ ಸೇರಿಸಿದ.

"ಅವ್ವನನ್ನ ಇವತ್ತು ಕೆರೆಯಾಚೆಯ ಪೊಟರೆಗೆ ಬಿಟ್ಟು ಬರ್ತೀನಿ. ಅಲ್ಲಿ ಆರಾಮಾಗಿರ್ತಾಳೆ. ಈ ಬಿಲ ನಾನು ನೋಡ್ಕೋತೀನಿ."

"ಅವ್ವ ಒಪ್ಪಿದಳಾ?" ಎಂದು ಪಕ್ಕದ ಪೊದೆಯ ಮೊಲ ಬಿಳಿಯಕ್ಕ ಕೇಳಿದಳು.

"ಪಾಪ, ಅವಳಿಗೇನು ತಿಳಿಯುತ್ತೆ? ಅವಳ ಪರವಾಗಿ ನಾನೇ ಒಪ್ಪಿದೀನಿ!"

ಮುಳ್ಳವ್ವನ ಕಣ್ಣು ಮಂಜಾಗಿತ್ತು, ಕಿವಿಯಲ್ಲ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದಳು. ಮಂಡಿ ಕಟಕಟ ಎಂದಿತು. ಎನ್ನಲಿ ಎಂದುಕೊಂಡಳು. ತಾನೇ ತೋಡಿದ ಗೋಡೆಯನ್ನು ಸವರುತ್ತ ಬಂದು ಮುಂಬಾಗಿಲ ಪಕ್ಕದ ಮೂಲೆಯಲ್ಲಿ ಅಡಗಿ ನಿಂತಳು.

ಬಿಸಿಲಿನಿಂದ ಕತ್ತಲೆಗೆ ಬಂದ ಕೆಂಚನಿಗೆ ಏನೂ ಕಾಣಲಿಲ್ಲ. ಅವಳನ್ನು ದಾಟಿ ನೇರ ಒಳಗೆ ಹೋದ. "ಅವ್ವಾ, ಏಳು, ಹೊರಡೋಣ."

ಹಿಂದಿನಿಂದ ಗಲಗಲ ಸದ್ದಾಯಿತು. ತಿರುಗಿದರೆ, ದಾರಿ ತುಂಬ ನೆಟ್ಟಗೆ ನಿಂತ ಮುಳ್ಳುಗಳು! ಮುಳ್ಳುಹಂದಿ ಬೆನ್ನು ತಿರುಗಿಸಿದರೆ ಹೆದರಿತು ಎಂದಲ್ಲ, ಕಾಳಗಕ್ಕೆ ನಿಂತಿತು ಎಂದರ್ಥ.

"ಅವ್ವಾ, ದಾರಿ ಬಿಡು!"

"ಹಿಂದಿನ ಬಾಗಿಲಿಂದ ಹೋಗಪ್ಪ."

"ಅದು ಮುಚ್ಚಿದೆಯಲ್ಲ!"

"ಹೌದಾ? ಯಾರು ಮುಚ್ಚಿದ್ದು? ನನಗೆ ನೆನಪಿಲ್ಲ ನೋಡು."

ಹೊರಗಿದ್ದವರಿಗೆಲ್ಲ ಇದು ಕೇಳಿಸುತ್ತಿತ್ತು. ಮುಳ್ಳವ್ವ ಒಂದು ಹೆಜ್ಜೆ ಹಿಂದಿಟ್ಟಳು. "ಅಯ್ಯಯ್ಯೋ!" ಎಂದ ಕೆಂಚ. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಅವನು ಮುಳ್ಳಿನ ನಡುವೆಯೇ ನುಗ್ಗಿ, ಮೂತಿ ತುಂಬ ಮುಳ್ಳು ಚುಚ್ಚಿಕೊಂಡು, ಊಳಿಡುತ್ತ ಓಡಿದ. ಮಾಡಿದ್ದುಣ್ಣೋ ಮಹರಾಯ!

ಮುಳ್ಳವ್ವ ಬಾಗಿಲಿಗೆ ಬಂದಳು. "ಪಾಪ" ಎಂದಳು. "ಕಣ್ಣು ಕಾಣಿಸ್ಲಿಲ್ಲ ಅನ್ಸುತ್ತೆ."

ಎಲ್ಲರೂ ನಕ್ಕರು. ಆಮೇಲೆ ನಾಚಿಕೆಯಿಂದ ತಲೆ ತಗ್ಗಿಸಿದರು. ಬಿಳಿಯಕ್ಕ ಹತ್ತಿರ ಬಂದು ಈ ಸಲ ಅವಳನ್ನೇ ಕೇಳಿದಳು: "ಅವ್ವಾ, ನಿನಗೇನು ಬೇಕು?"

ಎಷ್ಟೋ ಕಾಲದಿಂದ ಯಾರೂ ಕೇಳದ ಮಾತು ಅದು. ಮುಳ್ಳವ್ವ ಬಿಳಿಯಕ್ಕನ ಕಡೆ ಮುಖ ತಿರುಗಿಸಿದಳು.

"ಹಿಂದಿನ ಬಾಗಿಲಿನ ಕಲ್ಲುಗಳನ್ನ ಎತ್ತೋದು ನನ್ನ ಕೈಲಿ ಆಗಲ್ಲ ಕಣಮ್ಮ. ಅವನ್ನ ತೆಗೆದುಕೊಡಿ. ಮಣ್ಣು ಮಾತ್ರ ಮುಟ್ಟಬೇಡಿ. ಅದು ನನ್ನ ಕೆಲಸ."

ಆ ಸಂಜೆ ಕಾರೆ ಪೊದೆಯ ಮರೆಯಲ್ಲಿ ಮಣ್ಣು ಕೆರೆಯುವ ಸದ್ದು ಕೇಳಿಸಿತು. ಜೊತೆಗೆ ಗೊಣಗಾಟವೂ.

ನೀತಿ: ಹಿರಿಯರಿಗೆ ನೆರವಾಗುವ ಮೊದಲು ಏನು ಬೇಕೆಂದು ಅವರನ್ನೇ ಕೇಳಬೇಕು. ಆಗದ್ದಕ್ಕೆ ಕೈಜೋಡಿಸುವುದು ನೆರವು, ಆಗುವುದನ್ನೂ ಕಿತ್ತುಕೊಳ್ಳುವುದು ಮೋಸ.