ಬಾರದವನ ಮಣೆ

"ಗುರುಗಳೇ, ಪಂಚನಾಗಿ ಕೂರಲು ಕರೆ ಬಂದವನು ಹೋಗದಿದ್ದರೆ ಅವನಿಗೆ ಏನು ಶಿಕ್ಷೆ?"

ಕೇಳಿದವನು ಅಡಿವೆಪ್ಪ, ಮಠದಲ್ಲಿ ತರ್ಕ ಓದುತ್ತಿದ್ದ ಶಿಷ್ಯ. ಅಂದು ಪೇಟೆಯ ಚಾವಡಿಯಿಂದ ಅವನಿಗೇ ಕರೆ ಬಂದಿತ್ತು. ಕುಂಬಾರಗಿತ್ತಿಯೊಬ್ಬಳ ಮೇಲೆ ಕಳವಿನ ದೂರು; ಮರುದಿನ ಬೆಳಿಗ್ಗೆ ಐವರು ಕೂತು ತೀರ್ಮಾನಿಸಬೇಕು. ಅಡಿವೆಪ್ಪನಿಗೆ ಓದುವುದು ಬಾಕಿಯಿತ್ತು. ಹೋಗುವುದಿಲ್ಲ ಎಂದು ಅವನು ಹೇಳಲಿಲ್ಲ. ಕಟ್ಟಳೆ ಏನಿದೆಯೆಂದು ತಿಳಿಯುವ ಕುತೂಹಲ ಅಷ್ಟೇ ಎಂದ.

ಕುತೂಹಲ ಒಳ್ಳೆಯದು ಎಂದು ಗುರುಗಳು ಕತೆ ಹೇಳಿದರು.

ಹೊಳೆದಂಡೆಯ ಊರೊಂದರಲ್ಲಿ ಒಬ್ಬ ವರ್ತಕನಿದ್ದ. ಆ ಊರಿನಲ್ಲಿ ವ್ಯಾಜ್ಯ ಬಂದಾಗ ಮನೆಸರದಿಯಂತೆ ಐವರನ್ನು ಕರೆದು, ಚಾವಡಿಯಲ್ಲಿ ಐದು ಮಣೆ ಹಾಕುತ್ತಿದ್ದರು. ಒಂದು ಸಲ ಸರದಿ ವರ್ತಕನಿಗೆ ಬಂತು. ಅದೇ ದಿನ ಆಚೆ ದಡದಿಂದ ಅವನ ಮೆಣಸಿನ ಮೂಟೆಗಳು ಬರುವುದಿತ್ತು. ಅವನು ಊರಿನ ಯಜಮಾನನ ಬಳಿ ಹೋಗಿ, ಬಾರದಿದ್ದರೆ ದಂಡ ಎಷ್ಟೆಂದು ಕೇಳಿದ. ವ್ಯಾಜ್ಯ ಯಾರದೆಂದು ಕೇಳಲಿಲ್ಲ.

ದಂಡವಿಲ್ಲ ಎಂದ ಯಜಮಾನ. ಬಾರದವನ ಮಣೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಬೇರೆಯವರನ್ನು ಕೂರಿಸುವುದೂ ಇಲ್ಲ. ಉಳಿದವರು ಕೂತು ಆದ ತೀರ್ಪನ್ನು ಬಾರದವನೇ ಹೋಗಿ ಮುಟ್ಟಿಸಬೇಕು.

ವರ್ತಕ ಇಷ್ಟೇನಾ ಎಂದ.

"ಇಷ್ಟೇ. ಸಂಜೆ ಹೊತ್ತು ಸ್ವಲ್ಪ ಕಾಲಾಡಿಸಿದ ಹಾಗಾಗುತ್ತದೆ, ಸಾಹುಕಾರರೇ. ನಿಮ್ಮ ಹೊಟ್ಟೆಗೂ ಒಳ್ಳೆಯದು."

ಮಣೆ ತೆಗೆಯದೆ ಯಾಕೆ ಬಿಡುತ್ತಾರೆ ಎಂದು ವರ್ತಕ ಕೇಳಲಿಲ್ಲ. ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ತಿಳಿದುಕೊಳ್ಳಲು ಬಿಡುವಾಗಿರಲಿಲ್ಲ.

ಅವನು ಬೆಳಗಿನಿಂದ ಅಂಗಡಿಯಲ್ಲಿ ಕಾದ. ಮೂಟೆಗಳು ಬರಲಿಲ್ಲ. ಮಧ್ಯಾಹ್ನ ಕಳೆದರೂ ಬರಲಿಲ್ಲ. ಈ ಅಂಬಿಗನಿಗೆ ಹೊತ್ತುಗೊತ್ತಿಲ್ಲ ಎಂದು ಬೈದುಕೊಂಡ. ಸಂಜೆ ಚಾವಡಿಗೆ ಬರಬೇಕೆಂದು ಯಜಮಾನ ಹೇಳಿಕಳಿಸಿದ.

ಆ ದಿನ ವಿಚಾರಣೆಗೆ ನಿಂತವನು ಅದೇ ಅಂಬಿಗ. ದೋಣಿ ನಡೆಸುವವರಿಲ್ಲದೆ ಮೂಟೆಗಳು ಆಚೆ ದಡದಲ್ಲೇ ಉಳಿದಿದ್ದವು. ದೋಣಿ ಹತ್ತಿದವನೊಬ್ಬನ ಗಂಟು ಕಾಣೆಯಾಗಿತ್ತು. ಅಂಬಿಗನೇ ಕದ್ದ ಎಂದು ಪಂಚರಲ್ಲಿ ಇಬ್ಬರು ಹೇಳಿದ್ದರು. ಸುಳಿಯಲ್ಲಿ ದೋಣಿ ವಾಲಿದಾಗ ಬಿದ್ದಿರಬಹುದು ಎಂದು ಇಬ್ಬರು ಹೇಳಿದ್ದರು. ಉಳಿದದ್ದು ಖಾಲಿ ಮಣೆ. ಸಂಶಯವಿದ್ದವನು ಬಂದು ಹೇಳುತ್ತಾನೆ, ಆದ್ದರಿಂದ ಬಾರದವನಿಗೆ ಸಂಶಯವಿಲ್ಲ ಎಂಬುದು ಆ ಊರಿನ ಕಟ್ಟಳೆ. ಹಿರಿಯರು ಏನು ಯೋಚಿಸಿ ಅದನ್ನು ಮಾಡಿದರೋ ಗೊತ್ತಿಲ್ಲ, ಯೋಚಿಸಿರಲಿಕ್ಕಿಲ್ಲ. ಖಾಲಿ ಮಣೆಯನ್ನು ದೂರಿನ ಕಡೆಗೆ ಎಣಿಸಿದರು. ಅಂಬಿಗ ದೋಣಿ ಒಪ್ಪಿಸಿ ಊರು ಬಿಡಬೇಕು ಎಂದಾಯಿತು.

ಚಾವಡಿಯಲ್ಲಿ ಇದನ್ನು ಕೇಳಿದ ಮೇಲೆ ವರ್ತಕನಿಗೆ ಮಾತು ಬಂತು. ತನ್ನ ಸರಕೆಲ್ಲ ವರ್ಷಗಳಿಂದ ಅದೇ ದೋಣಿಯಲ್ಲಿ ದಾಟಿದೆ, ಒಂದು ಕಾಳೂ ಕಡಿಮೆಯಾಗಿಲ್ಲ, ಅವನು ಕಳ್ಳನಲ್ಲ ಎಂದ. ಯಜಮಾನ ಖಾಲಿ ಮಣೆಯನ್ನು ತೋರಿಸಿದ. ಅದು ಬೆಳಗಿನಿಂದ ಈ ಮಾತಿಗೇ ಕಾದಿತ್ತು; ಈಗ ಪಂಚರು ಎದ್ದು ಹೋಗಿದ್ದಾರೆ, ಅವರು ಎದ್ದ ಮೇಲೆ ತೀರ್ಪು ಬದಲಾಗುವುದಿಲ್ಲ ಎಂದ.

ವರ್ತಕ ಹೊಳೆಯ ಕಡೆಗೆ ನಡೆದ. ತೀರ್ಪು ಕೇಳಲು ಮನೆಬಾಗಿಲಲ್ಲಿ ಕಾದು ಕೂತಿದ್ದ ಅಂಬಿಗ ಅವನನ್ನು ಕಂಡು ಎದ್ದು ನಿಂತ. ಮೂಟೆ ವಿಚಾರಿಸಲು ಬಂದಿದ್ದಾನೆ ಎಂದುಕೊಂಡ.

"ಬೇಸರ ಮಾಡ್ಕೋಬೇಡಿ ಸಾಹುಕಾರರೇ, ನಾಳೆ ಮೊದಲು ನಿಮ್ಮ ಮೂಟೆಗಳನ್ನೇ ದಾಟಿಸ್ತೀನಿ. ಇವತ್ತು ಚಾವಡಿಯಲ್ಲಿ ನಿಲ್ಲಿಸಿಕೊಂಡರು. ಯಾರೋ ಪುಣ್ಯಾತ್ಮ ಒಬ್ಬ ಬರಲೇ ಇಲ್ಲ."

ವರ್ತಕ ತೀರ್ಪು ಹೇಳಿದ. ಅಂಬಿಗ ಆ ಊರಿನವನೇ. ತೀರ್ಪು ತರುವವನು ಯಾರೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟನ್ನು ತಂದು ವರ್ತಕನ ಕೈಗೆ ಕೊಟ್ಟು, ಹೆಂಡತಿಯನ್ನು ಕರೆಯಲು ಒಳಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪ, ವರ್ತಕ ಆಮೇಲೆ ಕೊರಗಿದನೇ, ಏನಾದರೂ ಪ್ರಾಯಶ್ಚಿತ್ತ ಮಾಡಿಕೊಂಡನೇ ಎಂದು ಕೇಳಿದ. ಅದು ತಮಗೆ ತಿಳಿಯದು, ಮೆಣಸು ಮಾತ್ರ ಒಳ್ಳೆಯ ಬೆಲೆಗೆ ಹೋಯಿತಂತೆ ಎಂದರು ಗುರುಗಳು.

"ಹಾಗಾದರೆ ಬಾರದವನಿಗೆ ಶಿಕ್ಷೆಯೇ ಇಲ್ಲವಲ್ಲ, ಗುರುಗಳೇ?"

"ಶಿಕ್ಷೆ ಇತ್ತು, ಅಡಿವೆಪ್ಪ, ಅನುಭವಿಸಿದವನು ಅಂಬಿಗ."