ಮನೆ ಒಕ್ಕಲು

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿ ಇದ್ದವರು ಸ್ವಾಮಿಗಳು ಒಬ್ಬರೇ. ಎಂಬತ್ತು ದಾಟಿತ್ತು.

ಶಿಷ್ಯ ನಾಗಮಲ್ಲಪ್ಪ ಪ್ರತಿ ಭಾನುವಾರ ಬರುತ್ತಿದ್ದ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಬೇರೆಯವರ ಜಮೀನು ಅಳೆದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ.

ಆ ಭಾನುವಾರ ಅವನು ಪಾದಕ್ಕೆ ಬಿದ್ದು ಎದ್ದವನೇ ಜೇಬಿನಿಂದ ಒಂದು ಹಾಳೆ ತೆಗೆದ. ಸ್ವಾಮಿಗಳು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಬುದ್ಧಿ, ಒಂದು ಮಾತು ಕೇಳಬೇಕಿತ್ತು. ನಾಳೆ ಅಡ್ವಾನ್ಸ್ ಕೊಡೋ ದಿನ."

"ಕೇಳಪ್ಪ."

"ಈಗಿರೋ ಮನೆ ಮಾರಿ ಹೊಸದು ತಗೋಬೇಕು ಅಂತಿದ್ದೀನಿ. ಹಳೇ ಮನೇಲಿ ಒಂದು ಭಾಗ ನಂದು, ಮಿಕ್ಕ ಮೂರರಲ್ಲಿ ಬಾಡಿಗೆಯೋರು. ತಿಂಗಳು ತಿಂಗಳು ಬಾಡಿಗೆ ಬರುತ್ತೆ, ಸುಳ್ಳು ಹೇಳಬಾರದು. ಆದ್ರೆ ಬೆಲೆ ಏಳ್ತಿಲ್ಲ. ಹತ್ತು ವರ್ಷದಿಂದ ಇದ್ದಲ್ಲೇ ಇದೆ."

"ಹೊಸದು?"

"ರಿಂಗ್ ರೋಡಿನ ಆಚೆ ಬಡಾವಣೆ. ಅಲ್ಲಿ ಬಾಡಿಗೆ ಹುಟ್ಟಲ್ಲ. ಹತ್ತು ವರ್ಷ ಬಿಟ್ಟರೆ ಬೆಲೆ ಎರಡರಷ್ಟು ಅಂತಾರೆ."

"ನಿನಗೀಗ ಎಷ್ಟು ವಯಸ್ಸು?"

"ಅರವತ್ತೆಂಟು, ಬುದ್ಧಿ."

"ಸರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ."

ನಾಗಮಲ್ಲಪ್ಪ ನಗಲಿಲ್ಲ. ಹಾಳೆ ಬಿಚ್ಚಿ ಮುಂದೆ ಹಿಡಿದ. ಎಡಗಡೆ ಹಳೇ ಮನೆ, ಬಲಗಡೆ ಹೊಸದು. ಕಂದಾಯ, ಸುಣ್ಣಬಣ್ಣ, ನಲ್ಲಿ ರಿಪೇರಿ, ಬಾಡಿಗೆ ಬಾರದೆ ಖಾಲಿ ಬೀಳುವ ತಿಂಗಳುಗಳು, ಯಾವುದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಸ್ವಾಮಿಗಳು ಹಾಳೆ ಇಸಿದುಕೊಂಡು ಪಕ್ಕಕ್ಕೆ ಹಾಸಿದರು. ಸುಲಿದ ಕಾಳನ್ನು ಅದರ ಮೇಲೆ ಸುರಿದುಕೊಂಡರು.

"ಆ ಮನೆಗೆ ಒಕ್ಕಲು ಯಾವಾಗ?"

"ಒಕ್ಕಲು ಇಡಲ್ಲ, ಬುದ್ಧಿ. ಬಾಡಿಗೆಯೋರು ಕೂತರೆ ಮಾರೋವಾಗ ಎಬ್ಬಿಸೋದು ಕಷ್ಟ. ನಾನೊಬ್ಬನೇ ಇರ್ತೀನಿ."

"ನಾನು ಕೇಳಿದ್ದು ಮನೆ ಒಕ್ಕಲು. ಹಾಲುಕ್ಕಿಸೋದು ಯಾವಾಗ ಅಂತ."

ನಾಗಮಲ್ಲಪ್ಪ ಪೆಚ್ಚಾದ. ಕಾಗದಪತ್ರಗಳಲ್ಲಿ ಒಕ್ಕಲು ಅಂದರೆ ಗೇಣಿದಾರ ಅಂತ ಓದಿ ಓದಿ, ಆ ಮಾತಿಗೆ ಇನ್ನೊಂದು ಅರ್ಥ ಇರುವುದೇ ಅವನಿಗೆ ಮರೆತುಹೋಗಿತ್ತು.

"ಹಾಲುಕ್ಕಿಸೋಕೆ ಯಾರಿದ್ದಾರೆ, ಬುದ್ಧಿ. ಉಕ್ಕಿಸಿದರೂ ಕುಡಿಯೋರು ಯಾರಿದ್ದಾರೆ. ಅವಳಿದ್ದಿದ್ರೆ..."

ಸ್ವಾಮಿಗಳು ಇನ್ನೂ ನಾಲ್ಕು ಕಾಯಿ ಸುಲಿದರು.

"ಬೆಲೆ ಏಳುತ್ತೆ ಅಂತಲೇ ಹೊರಟಿದ್ದೀಯಾ?"

ನಾಗಮಲ್ಲಪ್ಪ ಹೊಳೆ ಕಡೆ ನೋಡಿದ.

"ಇಲ್ಲ, ಬುದ್ಧಿ. ಗೋಡೆ ಆಚೆ ಬಾಡಿಗೆಯೋರು ನಗ್ತಾರೆ. ಊಟಕ್ಕೆ ಬನ್ರೀ ಅಂತ ಆಯಮ್ಮ ಗಂಡನ್ನ ಕರೀತಾಳೆ. ತಟ್ಟೆ ಇಡೋ ಸದ್ದೂ ಕೇಳುತ್ತೆ. ಈ ಕಡೆ ನಾನೊಬ್ಬನೇ ಅನ್ನ ಕಲಸಿಕೊಂಡು ಕೂತಿರ್ತೀನಿ. ಹೊಟ್ಟೆ ಉರಿಯುತ್ತೆ, ಅಳು ಬರುತ್ತೆ. ಅಲ್ಲಾದ್ರೆ ಸುತ್ತ ಬರೀ ಖಾಲಿ ಸೈಟು. ಯಾರ ಸದ್ದೂ ಇಲ್ಲ."

"ನಿನ್ನ ಸದ್ದು ಅವರಿಗೆ ಕೇಳುತ್ತಾ?"

"ಕೇಳದೆ ಏನು. ಎರಡು ಸಲ ಕೆಮ್ಮಿದ್ರೆ ಸಾಕು, ಕಷಾಯ ತಂದಿಡ್ತಾರೆ. ಅದು ಬೇರೆ ಕಾಟ."

ಸ್ವಾಮಿಗಳು ಕಾಳನ್ನು ಮೊರಕ್ಕೆ ಸುರಿದರು. ಹಾಳೆ ಕೊಡವಿ, ಮಡಿಸಿ, ಅವನ ಕೈಗೆ ಕೊಟ್ಟರು.

"ತಗೋ ಆ ಮನೇನ. ಇನ್ನೊಂದು ಬೀಗದ ಕೈ ಮಾಡಿಸಿ ಮಠಕ್ಕೆ ಕೊಟ್ಟಿರು."

ನಾಗಮಲ್ಲಪ್ಪನ ಮುಖ ಅರಳಿತು. ನಾಲ್ಕು ವರ್ಷದಿಂದ ಅವನ ಮನೆಗೆ ಬರ್ತೀನಿ ಅಂದವರೇ ಇರಲಿಲ್ಲ.

"ಬುದ್ಧಿಯೋರು ನನ್ನ ಮನೆಗೆ ಬರ್ತೀರಾ?"

"ಎರಡು ಭಾನುವಾರ ನೀನು ಇಲ್ಲಿಗೆ ಬರದೇ ಹೋದ್ರೆ ಬರ್ತೀನಿ. ಬಾಗಿಲು ಒಡೆಯೋದೊಂದು ತಪ್ಪುತ್ತೆ."