ಮೇಜಿನ ಕೆಳಗಿನ ಸಾಕ್ಷಿ

ವಾಚ್ ರಿಪೇರಿಯ ಮೊಯಿದ್ದೀನ್ ಸಾಹೇಬರು ಗಿರಾಕಿಗಳಿಂದ ಕ್ರಿಪ್ಟೋ ಹಣವನ್ನೂ ಪಡೆಯುತ್ತಿದ್ದರು. ಹಣ ಬಂದದ್ದು ನಿಜವೇ ಎಂದು ತಾವೇ ನೋಡಿಕೊಳ್ಳಲು ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರನ್ನು ಸದಾ ಓಡಿಸುತ್ತಿದ್ದರು. ಅದು ಅವರ ಸ್ವಂತ 'ನೋಡ್', ಅಂದರೆ ಕ್ರಿಪ್ಟೋ ಲೆಕ್ಕಪುಸ್ತಕದ ಪ್ರತಿ ಇಟ್ಟುಕೊಂಡು ಪ್ರತಿಯೊಂದು ಪಾವತಿಯನ್ನೂ ತಾನೇ ಪರೀಕ್ಷಿಸುವ ಯಂತ್ರ.

ಮೇಜಿನ ಮೇಲಿದ್ದ ಹೊಸ ಮೊಬೈಲ್ ನಕ್ಕಿತು. "ಅಜ್ಜಾ, ಹಗಲಿಡೀ ಯಾಕೆ ಗುರುಗುಡುತ್ತೀಯ? ಈ ಲೆಕ್ಕ ನೋಡುವ ದೊಡ್ಡ ಕಂಪನಿಯೊಂದನ್ನು ಕೇಳಿ, ಹಣ ಬಂತೇ ಎಂದು ನಾನು ಕ್ಷಣದಲ್ಲಿ ಹೇಳುತ್ತೇನೆ. ಸಾಹೇಬರಿಗೆ ಕರೆಂಟ್ ಖರ್ಚೂ ಉಳಿಯುತ್ತದೆ."

"ನಿಜ. ಎಲ್ಲರೂ ನನ್ನಂಥದ್ದನ್ನು ಸಾಕಬೇಕಿಲ್ಲ. ಆದರೆ ನಮ್ಮ ಸಾಹೇಬರು ಬೆನ್ನು ಬಿಚ್ಚಿ ನೋಡದೆ ಯಾವ ವಾಚನ್ನೂ ಸರಿಯಿದೆ ಎಂದವರಲ್ಲ," ಎಂದಿತು ಕಂಪ್ಯೂಟರ್.

ಒಂದು ಬೆಳಿಗ್ಗೆ ನರ್ಸ್ ಸಿಂತಿಯಾ ಓಡಿಬಂದಳು. "ಸಾಹೇಬರೇ, ಹಣ ಕಳಿಸಿದ್ದೇನೆ, ವಾಚ್ ಕೊಡಿ. ಡ್ಯೂಟಿಗೆ ಹೊತ್ತಾಯಿತು, ರೋಗಿಗಳ ನಾಡಿ ನೋಡಬೇಕು."

ಮೊಬೈಲ್ ತಡವರಿಸಿತು. "ಕಂಪನಿ ಉತ್ತರಿಸುತ್ತಿಲ್ಲ. ಹಣ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ."

ಸಿಂತಿಯಾಳ ಮುಖ ಬಾಡಿತು. ಸಾಹೇಬರು ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಬಂದಿದೆ. ನಾನೇ ನೋಡಿದ್ದೇನೆ," ಎಂದಿತು ಕಂಪ್ಯೂಟರ್.

"ನಿಮ್ಮಿಂದ ದೊಡ್ಡ ಉಪಕಾರವಾಯಿತು," ಎಂದು ಸಿಂತಿಯಾ ವಾಚ್ ಕಟ್ಟಿಕೊಂಡು ಹೊರಟಳು. ಸಾಹೇಬರು ವಾಚಿನ ಗಾಜಿಗೆ ಮಾತ್ರ ಬಳಸುತ್ತಿದ್ದ ಮೆತ್ತನೆಯ ಬಟ್ಟೆಯಿಂದ ಹಳೆಯ ಕಂಪ್ಯೂಟರಿನ ಧೂಳು ಒರೆಸಿದರು.

ಮೊಬೈಲ್ ಮೆಲ್ಲಗೆ ಹೇಳಿತು: "ಅಜ್ಜಾ, ನನ್ನ ಮಾನ ಉಳಿಸಿದೆ. ಆ ಕಂಪನಿ ಎಲ್ಲಿದೆಯೆಂದೂ ನನಗೆ ತಿಳಿಯದು. ಇನ್ನು ಮೇಲೆ ನಿನ್ನನ್ನೇ ಕೇಳಲೇ?"

"ಕೇಳು ಮಗು. ಇಲ್ಲೇ, ಮೇಜಿನ ಕೆಳಗೇ ಇದ್ದೇನೆ."